ಎಲ್ಲರೂ ಬಿಳಿ ಉಡುವ ಜಾಗ

ಸಿಂಧನೂರು
ಮಂಗಳವಾರ, 18-6-1996

ಪ್ರೀತಿಯ ಅತ್ತೀ,

ನಿನ್ನ ಸೂಗಮ್ಮನ ನಮಸ್ಕಾರ. ಕಣ್ಣಿನ ಆಪರೇಷನ್ ಆಗಿ ಎಂಟು ದಿನವಾಯಿತು, ಈಗ ಹೇಗಿದೆ? ನೀರು ಸೋರುವುದು ನಿಂತಿತೇ? ಒಲೆಯ ಹೊಗೆಗೆ ಹೋಗಬೇಡ, ತಲೆಯ ಮೇಲೆ ನೀರು ಹಾಕಿಕೊಳ್ಳಬೇಡ. ನೀನು ಹೇಳಿದ್ದು ಕೇಳುವವಳಲ್ಲ, ಅದು ಗೊತ್ತು. ಆದರೂ ದವಾಖಾನೆಯಲ್ಲಿ ದುಡಿಯುವ ಸೊಸೆ ಒಂದು ಮಾತು ಹೇಳಲಿಲ್ಲ ಎಂದು ನಾಳೆ ನನ್ನ ತಲೆಗೇ ಕಟ್ಟುತ್ತೀ. ಮಗಳ ಮನೆ ಎಂದು ಸಂಕೋಚಪಡದೆ ಲಿಂಗಸುಗೂರಿನಲ್ಲೇ ಇನ್ನೂ ಹದಿನೈದು ದಿನ ಇರು. ಗದ್ದೆಮ್ಮ ಈ ಕಾಗದ ಓದಿ ಹೇಳುತ್ತಾಳೆ. ಮನೆಯ ಚಿಂತೆ ಬಿಡು, ಎಮ್ಮೆ ಸರಿಯಾಗಿ ಹಾಲು ಕೊಡುತ್ತಿದೆ. ನಾನೂ ಆರಾಮ ಇದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ ಎಂದುಕೋ.

ನಮ್ಮ ದವಾಖಾನೆಯಲ್ಲಿ ದೊಡ್ಡ ಡಾಕ್ಟರು ಕೂರುವುದು ಬಿಟ್ಟರು. ಈಗೆಲ್ಲಾ ಅವರ ಸೊಸೆ ಡಾಕ್ಟರಮ್ಮನದೇ ಕಾರಭಾರು. ಬಂದ ತಿಂಗಳಿಗೇ ಹುಕುಂ ಹೊರಟಿತು: ಸಿಸ್ಟರುಗಳು, ಆಯಾಗಳು ಎಲ್ಲರೂ ಇನ್ನು ಗುಲಾಬಿ ಸೀರೆ ಉಡಬೇಕು. ಬಿಳಿ ಕಂಡರೆ ಪೇಷಂಟುಗಳಿಗೆ ಹೆದರಿಕೆಯಂತೆ, ಕಳೆಯೇ ಇರುವುದಿಲ್ಲವಂತೆ. ಮುಂದಿನ ವರ್ಷ ಚೂಡಿದಾರವಂತೆ. ನನ್ನ ಜೊತೆ ಪಾಳಿ ಮಾಡುವ ಮೆಹರಬಾನು, "ಆಗ ನಿನಗ ಎರಡು ಜಡಿ ಹಾಕ್ತೀನಿ ಸೂಗಮ್ಮಾ" ಎಂದು ನಗುತ್ತಾಳೆ. ಎಲ್ಲರೂ ಖುಷಿಯಿಂದ ಉಟ್ಟರು. ನಾನು ಮಾತ್ರ ಕೊಟ್ಟ ಸೀರೆಯನ್ನು ಟ್ರಂಕಿನಲ್ಲಿಟ್ಟು ಬಿಳಿಯಲ್ಲೇ ಹೋದೆ.

ನಿನ್ನ ಮಗ ಹೋದಾಗ ನನಗೆ ಇಪ್ಪತ್ನಾಲ್ಕು. ಹದಿನಾಲ್ಕು ವರ್ಷವಾಯಿತು. ಗಂಡ ಸತ್ತವಳು ತುರ್ವಿಹಾಳದಲ್ಲಿ ಭತ್ತದ ನಾಟಿಗೆ ಹೋದರೆ ಅಡ್ಡಿಯಿರಲಿಲ್ಲ, ಪಟ್ಟಣದ ಕೆಲಸಕ್ಕೆ ಹೋಗುತ್ತೇನೆಂದಾಗ ಊರೆಲ್ಲಾ ಬಾಯಿಗೆ ಸೆರಗು ಹಿಡಿಯಿತು. ಆಗ ನೀನೇ ಹೇಳಿದ್ದು: "ಹೆರಿಗಿ ದವಾಖಾನಿಗೆ ಸೇರು. ಅಲ್ಲಿ ಎಲ್ಲಾರೂ ಬಿಳಿ ಸೀರಿನ ಉಡ್ತಾರ. ಯಾರ ಬಾಯಿಗೂ ಬೀಳಂಗಿಲ್ಲ." ಊರವರಿಗೆ ರಂಡೆ ಬಿಳಿ ಉಟ್ಟಂತಾಯಿತು, ದವಾಖಾನೆಯವರಿಗೆ ಸಿಸ್ಟರ್ ಬಿಳಿ ಉಟ್ಟಂತಾಯಿತು. ನೀನು ನನ್ನ ಅಪ್ಪನ ಅಕ್ಕ, ಅತ್ತೆಯಾಗುವ ಮೊದಲೇ ನನ್ನನ್ನು ಎತ್ತಿ ಆಡಿಸಿದವಳು. ಅಂಥ ಯುಕ್ತಿ ನಿನಗಲ್ಲದೆ ಇನ್ಯಾರಿಗೆ ಹೊಳೆಯಬೇಕು? ಹೆರಿಗೆ ಕೋಣೆಯಲ್ಲಿ ಯಾರೂ ಬಳೆ ಇಡುವಂತಿಲ್ಲ, ಹಣೆ ಟೊಪ್ಪಿಗೆಯೊಳಗೆ ಮುಚ್ಚಿರುತ್ತದೆ. ಕೆಲಸದ ಅಷ್ಟು ಹೊತ್ತು ನಾನು ಯಾರ ಹೆಂಡತಿ, ಯಾರ ವಿಧವೆ ಎಂದು ಕೇಳುವವರಿರಲಿಲ್ಲ. ಎಷ್ಟು ಕೂಸುಗಳನ್ನು ಹಿಡಿದೆನೋ ನನಗೇ ನೆನಪಿಲ್ಲ. ನನಗೆ ಆ ಕೋಣೆಯೇ ತವರು.

ಈಗ ಎಲ್ಲರ ನಡುವೆ ನಾನೊಬ್ಬಳೇ ಬಿಳಿ. ಹೋದ ವಾರ ಸೋಮವಾರ ಮಸ್ಕಿ ಕಡೆಯ ಹುಡುಗಿಯೊಬ್ಬಳು ನೋವು ತಿನ್ನುತ್ತಾ ಬಂದಳು. ನಾನು ಟ್ರೇ ಹಿಡಿದು ಒಳಗೆ ಹೊರಟಿದ್ದೆ. ಅವಳ ತಾಯಿ ಬಾಗಿಲಿಗೆ ಅಡ್ಡ ನಿಂತು, "ಈ ಬಿಳಿ ಸೀರಿಯಾಕಿ ಬ್ಯಾಡ್ರೀ. ಚೊಚ್ಚಲ ಐತಿ. ಬ್ಯಾರೇದಾಕಿನ್ನ ಕಳಸ್ರಿ" ಎಂದಳು. ಟ್ರೇಯನ್ನು ಮೆಹರಬಾನು ಕೈಗೆ ಕೊಟ್ಟು ಹೊರಗೆ ಬಂದೆ. ಸಂಜೆ ಡಾಕ್ಟರಮ್ಮ ಕರೆದು, ಬಣ್ಣ ಉಟ್ಟರೆ ಹೆರಿಗೆ ಕೋಣೆ, ಇಲ್ಲವಾದರೆ ಹಿಂದುಗಡೆ ಬಟ್ಟೆ ಒಗೆಯುವ ಕೆಲಸ, ನಿಮಗೆ ಬಿಟ್ಟಿದ್ದು ಎಂದರು. ಅವರು ಕೆಟ್ಟವರೇನಲ್ಲ, ಮೆತ್ತಗೇ ಹೇಳಿದರು. ಮನೆಗೆ ಬಂದು ರೊಟ್ಟಿ ಸುಡಲಿಕ್ಕೂ ಮನಸ್ಸಾಗದೆ ಹಾಗೇ ಮಲಗಿದೆ.

ಸಾಕಾಗಿದೆ ಅತ್ತೀ. ಒಬ್ಬರು ಬಿಳಿ ಉಡು ಎನ್ನುತ್ತಾರೆ, ಇನ್ನೊಬ್ಬರು ಬಿಡು ಎನ್ನುತ್ತಾರೆ, ಉಡುವವಳನ್ನು ಕೇಳಿದವರಿಲ್ಲ. ಗುಲಾಬಿಯ ಮೇಲೆ ನನಗೇನೂ ಆಸೆಯಿಲ್ಲ, ನನ್ನ ಕಪ್ಪು ಮೈಗೆ ಅದು ಒಪ್ಪುವುದೂ ಇಲ್ಲ. ಆದರೆ ಆ ಕೋಣೆ ಬಿಟ್ಟು ನಾನು ಬದುಕಲಾರೆ. ಉಡಲೋ ಬೇಡವೋ, ನೀನೇ ಹೇಳು. ನಿನ್ನ ಮಾತು ದಾಟಿ ನಾನು ಯಾವತ್ತೂ ನಡೆದವಳಲ್ಲ.

ಗದ್ದೆಮ್ಮನಿಗೂ ಅವಳ ಯಜಮಾನರಿಗೂ ನನ್ನ ಶರಣು ತಿಳಿಸು. ಕಣ್ಣಿಗೆ ಹಾಕುವ ಔಷಧಿ ತಪ್ಪಿಸಬೇಡ.

ಇತಿ ನಿನ್ನ ತಮ್ಮನ ಮಗಳು, ನಿನ್ನ ಸೊಸೆ,
ಸೂಗಮ್ಮ

ತಾ.ಕ.: ಗದ್ದೆಮ್ಮಾ, ಇಷ್ಟನ್ನು ಮಾತ್ರ ಹತ್ತಿರ ಯಾರೂ ಇಲ್ಲದಾಗ ಓದು. ಅತ್ತೀ, ನಿನ್ನನ್ನು ಕೇಳಿ ಉಡುತ್ತೇನೆ ಅಂದದ್ದು ಸುಳ್ಳು. ಹೋದ ಬುಧವಾರದಿಂದಲೇ ಗುಲಾಬಿ ಉಡುತ್ತಿದ್ದೇನೆ. ಶನಿವಾರ ದಢೇಸುಗೂರಿನ ಒಬ್ಬಳಿಗೆ ನಾನೇ ಹೆರಿಗೆ ಮಾಡಿಸಿದೆ. ಕೂಸಿನ ಕೊರಳಿಗೆ ಹೊಕ್ಕುಳ ಹುರಿ ಸುತ್ತಿತ್ತು, ಹೇಗೋ ಬದುಕಿತು. ಅವಳ ಅತ್ತೆ ನನ್ನ ಎರಡೂ ಕೈ ಹಿಡಿದು, "ಯವ್ವಾ, ಹತ್ತನೇ ದಿನಕ್ಕ, ಸೋಮವಾರ, ತೊಟ್ಲಾಗ ಹಾಕ್ತೀವಿ. ಕೂಸಿನ್ನ ಹಾಕೂ ಮೊದಲನೇ ಮುತ್ತೈದಿ ನೀನ ಆಗಬೇಕು" ಎಂದಳು. ನಾನು ಮುತ್ತೈದೆಯಲ್ಲ ಎನ್ನಲು ಬಾಯಿ ತೆರೆದೆ. ಬರ್ತೀನಿ ಎಂದುಬಿಟ್ಟೆ. ನೀನು ಹೋಗಬೇಡ ಎನ್ನುವುದಾದರೆ, ಬರುವ ಸೋಮವಾರ ಕಳೆದ ಮೇಲೆ ಬರೆಸು.