ದುಂಡವ್ವನ ಬಂಜೆ ಮಡಿ

ಕ್ರಿಸ್ತಶಕ ೨೬೧೨, ಎರಡನೇ ಬೇಸಿಗೆಯ ನಲವತ್ತೊಂದನೇ ದಿನ, ನವಲಗುಂದ ಸೀಮೆ

ಆರುನೂರು ವರ್ಷ ಹಿಂದಿರುವ ಹಿರಿಯರಿಗೆ ಶರಣು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ, ಅದಕ್ಕೆ ತಕ್ಕಂತೆ ಹೊಸ ಶಬ್ದಗಳೂ ಹುಟ್ಟಿವೆ.

ಇಲ್ಲಿ ಬೆಳೆಯ ಮೇಲೆ ನೆರಳುಬಂಡಿ ಎಳೆಯುತ್ತೇವೆ. ಗಾಲಿಯ ಮೇಲೆ ನಿಂತ ಚಪ್ಪರ ಅದು. ಊರಿಗೆಲ್ಲ ಇರುವುದು ನಾಲ್ಕೇ. ಅದಕ್ಕೇ ಕಾಯಿ ಕಟ್ಟದ ಗಿಡಕ್ಕೆ ನೆರಳು ಕೊಡಬಾರದು, ಕಿತ್ತೊಗೆಯಬೇಕು ಎಂದು ಬೀಜಕಟ್ಟೆಯ ಕಟ್ಟಳೆ. ಬೀಜಕಟ್ಟೆ ಎಂದರೆ ಗಿಡಗಳ ಪಂಚಾಯ್ತಿ.

ನನ್ನ ಸೋದರತ್ತೆ ದುಂಡವ್ವ ಹೆಸರುಕಾಳಿನ ಗಿಡಕ್ಕೂ ಉದ್ದಿನ ಗಿಡಕ್ಕೂ ಮದುವೆ ಮಾಡಿಸಿ ಹೊಲದಲ್ಲಿ ಒಂದು ಮಡಿ ಸಸಿ ಬೆಳೆಸಿದ್ದಳು. ಹೂವೇನೋ ಬಂತು, ಕಾಯಿ ಬರಲಿಲ್ಲ. ಗಿಡದ ಕಣಕಣದಲ್ಲೂ ಗುಣ ಹೊತ್ತ ದಾರಗಳಿರುತ್ತವೆ. ಹೆಸರಿನಿಂದ ಹನ್ನೊಂದು, ಉದ್ದಿನಿಂದ ಹನ್ನೊಂದು ಬಂದಿದ್ದವು. ಬೀಜವಾಗಲು ದಾರಗಳು ಜೋಡಿ ಕೂಡಬೇಕು. ಇವು ಒಂದರ ಮುಖ ಒಂದು ನೋಡಲಿಲ್ಲ. ಸೋಮವಾರ ಮಡಿ ಕೀಳಿಸುವುದಾಗಿ ಬೀಜಕಟ್ಟೆಯ ಹಿರಿಯ ಫಕೀರಪ್ಪ ಡಂಗುರ ಸಾರಿಸಿದ.

ಅದೇ ವಾರ ಚಿಗುರಿಗೆ ಕರಿಹುಳ ಮುತ್ತಿತು. ಬೇಲಿಯಲ್ಲಿ ಬೆಂಕಿಯಂತೆ ಅರಳುವ ಅಗ್ನಿಶಿಖೆಯ ಗಡ್ಡೆ ಅರೆದು ಮೊಮ್ಮಗಳ ತಲೆಯ ಹೇನಿಗೆ ಹಚ್ಚಲು ಅತ್ತೆ ಇಟ್ಟುಕೊಂಡಿದ್ದಳು. ಅದನ್ನೇ ಗಿಡಕ್ಕೆ ಬಳಿದಳು.

“ಅತ್ತೀ, ಅದು ವಿಷ!” ಎಂದೆ.

“ಹೆಂಗೂ ಸೋಮವಾರ ಸಾಯೂದೈತಿ. ತುರಿಕಿ ಇಲ್ಲದಂಗರ ಸಾಯ್ಲಿ ಬಿಡು.”

ಗಿಡಗಳು ಸತ್ತವು. ಒಂದು ಗಿಡದ ಒಂದೇ ಕೊಂಬೆ ಮಾತ್ರ ಉಳಿದು ದಪ್ಪ ಎಲೆ ಬಿಟ್ಟಿತು. ಆ ಗಡ್ಡೆಯ ಸತ್ವ ಕಣ ಒಡೆದು ಎರಡಾಗುವುದನ್ನು ತಡೆದು ಒಳಗಿನ ದಾರಗಳನ್ನು ಇಮ್ಮಡಿಯಾಗಿಸಿತ್ತು. ಇಪ್ಪತ್ತೆರಡು ಹೋಗಿ ನಲವತ್ನಾಲ್ಕು. ಪ್ರತಿ ದಾರಕ್ಕೂ ಜೋಡಿ ಸಿಕ್ಕಿತು. ಕೀಳಲು ಬಂದವರು ವಿಷ ಉಂಡೂ ಚಿಗುರಿದ ಆ ಒಂದು ಕೊಂಬೆಗೆ ಹೆದರಿ ತಿಂಗಳ ಗಡುವು ಕೊಟ್ಟರು. ತಿಂಗಳೊಳಗೆ ಕಾಯಿ ತೂಗಿದವು.

ಫಕೀರಪ್ಪ ನಂಬಲಿಲ್ಲ. ಗಿಡವನ್ನು ಹೆಸರಿನೊಡನೆಯೂ ಉದ್ದಿನೊಡನೆಯೂ ಕೂಡಿಸಿ ನೋಡಿದ. ಸಿಕ್ಕಿದ್ದು ಮುರುಟಿದ ಜೊಳ್ಳು. ಅಲ್ಲೊಂದು ಇಲ್ಲೊಂದು ಮೊಳೆತರೂ ಇದರ ಅರ್ಧ ಇಪ್ಪತ್ತೆರಡು, ಅವರ ಅರ್ಧ ಹನ್ನೊಂದು ಸೇರಿ ಮೂವತ್ಮೂರು ದಾರದ ಬೆಸದ ಸಂಸಾರ, ಜೋಡಿ ಸರಿಹೋಗದೆ ಬಂಜೆಯೇ.

“ತವರಿನವರೂ ಸೇರಸವಲ್ರು, ಬೀಗರೂ ಸೇರಸವಲ್ರು. ಇದರಾಗ ದೋಷ ಐತಿ. ಕೀಳ್ರಿ!” ಎಂದ.

ಅತ್ತೆ ಮಡಿಯ ನಡುವೆ ಕುಕ್ಕರಗಾಲಲ್ಲಿ ಕೂತಳು. “ಫಕೀರ್ಯಾ, ನಿನ್ನ ಹಿರೀಮಗಳು ಬ್ಯಾರೆ ಮನಿ ಮಾಡಿ ನಾಕು ಮಕ್ಕಳ ಹಡದಾಳ. ನಿನ್ನ ಮನೀಗಿ ಹೊಳ್ಳಿ ಬರವಲ್ಲಳು ಅಂತ ಆಕೀನ್ನೂ ಕಿತ್ತ ಒಗೀತೀ ಏನು? ಮೊದಲ ಇದರ ಬೀಜ ಬಿತ್ತಿ ನೋಡೋ ಮಂಗ್ಯಾ!”

ಊರು ನಕ್ಕಿತು. ಬಿತ್ತಿದರು. ಬಿತ್ತಿದ್ದೆಲ್ಲ ತಾಯಿಯಂತೆಯೇ ದಪ್ಪ ಎಲೆ ಬಿಟ್ಟು ಜಗ್ಗುವಷ್ಟು ಕಾಯಿ ಕಟ್ಟಿತು. ತನ್ನವರೊಡನೆ ಫಲಿಸುವ, ಹೆತ್ತವರೊಡನೆ ಫಲಿಸದ ಹೊಸ ಜಾತಿ ಇದು ಎಂದು ಒಪ್ಪಿ ಫಕೀರಪ್ಪ ತನ್ನ ಕೈಯಾರೆ ನೆರಳುಬಂಡಿ ಎಳೆದು ತಂದ. ಅತ್ತೆ ಅದರ ಕೆಳಗೆ ಮಲಗಿ ಗೊರಕೆ ಹೊಡೆದಳು.

ದಾರ ಇಮ್ಮಡಿಯಾಗಲು ಅತ್ತೆಯಂಥವರೇ ಬೇಕೆಂದೇನಿಲ್ಲ. ಎಷ್ಟೋ ಸಲ ಅದು ಹೊಲದಲ್ಲಿ ತಾನಾಗಿಯೇ ಆಗುತ್ತದೆ. ನೀವು ತಿನ್ನುವ ಗೋಧಿಯೂ ಹಾಗೆ ಬಂದದ್ದೇ. ಆದ್ದರಿಂದ ಒಂದು ಕೋರಿಕೆ. ನಿಮ್ಮ ಬದುವಿನಲ್ಲಿ ಯಾರ ಹೋಲಿಕೆಯೂ ಇಲ್ಲದ ದಪ್ಪ ಎಲೆಯ ಗಿಡ ಕಂಡರೆ ಒಂದು ಹಂಗಾಮು ತಾಳಿ. ನಮ್ಮ ಊಟದಲ್ಲಿ ಎಷ್ಟು ನಿಮ್ಮ ಬದುವಿನಿಂದ ಬಂದದ್ದೋ ಗೊತ್ತಿಲ್ಲ. ನೀವು ಅಲ್ಲಿ ಕಿತ್ತರೆ ಇಲ್ಲಿ ನನ್ನ ತಟ್ಟೆ ಬರಿದಾದೀತು. ನಾನೀಗ ಉಣ್ಣಲು ಕೂತಿದ್ದೇನೆ. ದಯವಿಟ್ಟು ಈ ತುತ್ತು ನುಂಗುವ ತನಕವಾದರೂ ಕುಡುಗೋಲು ಕೆಳಗಿಡಿ.

ಇಂತಿ,
ದುಂಡವ್ವನ ಸೋದರಳಿಯ ಈರಬಸು