ಲಗಮವ್ವನ ನೀರಿನ ಗುಳಿಗೆ

ಫೆಬ್ರವರಿ 3, ಸೋಮವಾರ

ಮಾರ್ನಿಂಗ್ ಡ್ಯೂಟಿ. ಗೋಕಾಕ ಆಸ್ಪತ್ರೆಯ ಮೆಡಿಕಲ್ ವಾರ್ಡ್. ಬಿ.ಪಿ. ನೋಡಿದ್ದಾಯಿತು, ಯೂರಿನ್ ಅಳೆದದ್ದಾಯಿತು, ತೂಕ ಬರೆದದ್ದಾಯಿತು. ಕಿಟಕಿ ಪಕ್ಕದ ಬೆಡ್ಡಿನ ಲಗಮವ್ವ ಆಯಿಯ ತೂಕ ಮತ್ತೆ ಇಳಿದಿದೆ. ಒಳ್ಳೆಯದೇ. ತನ್ನೂರು ಕುಲಗೋಡದಿಂದ ಬಂದ ದಿನ ಕಾಲು ಎಷ್ಟು ಊದಿತ್ತೆಂದರೆ ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಹೃದಯ ಸೋತು ಮೈಯಲ್ಲಿ ನೀರು ನಿಂತಿತ್ತು. ನೀರಿನ ಗುಳಿಗೆ ಲ್ಯಾಸಿಕ್ಸ್ ಕೊಟ್ಟ ಮೇಲೆ ಆ ನೀರೆಲ್ಲ ಮೂತ್ರವಾಗಿ ಹೋಗುತ್ತಿದೆ.

ಆದರೆ ಬೆಳಿಗ್ಗೆ ಮೀನಖಂಡ ಹಿಡಿದುಕೊಂಡು ಅಳುತ್ತಿದ್ದಳು. ಎದ್ದು ನಿಲ್ಲಲು ಆಗಲಿಲ್ಲ. ರಿಪೋರ್ಟ್ ಬಂತು — ಪೊಟ್ಯಾಸಿಯಮ್ 2.9. ಮೂರೂವರೆಗಿಂತ ಕೆಳಗಿರಬಾರದು. ರೌಂಡ್ಸಿನಲ್ಲಿ ಡಾಕ್ಟರ್ ಕೇಳಿದರು, ಯಾಕೆ ಹೀಗಾಯಿತು? ನಾನು ಹೇಳಿದೆ: ಲ್ಯಾಸಿಕ್ಸ್ ನೀರಿನ ಜೊತೆ ಪೊಟ್ಯಾಸಿಯಮ್ಮನ್ನೂ ಹೊರಗೆ ಹಾಕುತ್ತದೆ ಸರ್. ಪೊಟ್ಯಾಸಿಯಮ್ ಸಿರಪ್ ಬರೆದರು. ಸುಮನ್ ಮೇಡಂ ತಲೆ ಆಡಿಸಿದರು. ನಮ್ಮ ನರ್ಸಿಂಗ್ ಟ್ಯೂಟರ್, ಮೂರು ವರ್ಷದಲ್ಲಿ ಯಾರನ್ನೂ ಹೊಗಳಿದ್ದು ಕೇಳಿಲ್ಲ. ಹಾಸ್ಟೆಲ್ಲಿಗೆ ಬಂದ ಮೇಲೂ ಅದೇ ಖುಷಿ.

ಫೆಬ್ರವರಿ 6

ಆಯಿ ಡಿಸ್ಚಾರ್ಜ್. ಊತ ಇಳಿದಿದೆ, ಪೊಟ್ಯಾಸಿಯಮ್ ಸರಿಯಾಗಿದೆ. ಕಿಡ್ನಿ ಸ್ವಲ್ಪ ಸೋತಿದೆ ಎಂದು ಡಾಕ್ಟರ್ ಬರೆದಿದ್ದಾರೆ, ವಯಸ್ಸಿಗೆ ಅದು ಇದ್ದದ್ದೇ ಅಂದುಕೊಂಡೆ.

ಗಂಡ ಖಂಡೆಪ್ಪ ಅಜ್ಜ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡು ನಿಂತಿದ್ದರು. “ತಂಗಿ, ಉಣ್ಣೂ ತಿನ್ನೂದು ಹೆಂಗ?” ಎಂದು ನನ್ನನ್ನೇ ಕೇಳಿದರು.

“ನೀರಿನ ಗುಳಿಗಿ ತಗೊಳ್ಳೂ ತನಕ ದಿನಾ ಒಂದ ಎಳನೀರು ಕೊಡ್ರಿ ಅಜ್ಜಾರ. ಬಾಳಿಹಣ್ಣು ಕೊಡ್ರಿ. ಎರಡರಾಗೂ ಪೊಟ್ಯಾಸಿಯಮ್ ಐತಿ.”

“ದಿನಾ?”

“ದಿನಾ.”

ಮಗ ಯಲ್ಲೇಶನನ್ನೂ ಕರೆದು ಇನ್ನೊಮ್ಮೆ ಹೇಳಿಸಿದರು. ಯಲ್ಲೇಶನಿಗೆ ನನ್ನ ನಂಬರ್ ಕೊಟ್ಟೆ. ಮೇಡಂ ಅವರನ್ನು ಒಂದು ಮಾತು ಕೇಳಬಹುದಿತ್ತು... ಬೇರೆ ಪೇಶಂಟ್ ಹತ್ತಿರ ಇದ್ದರು. ನನಗೆ ಗೊತ್ತಿದ್ದದ್ದೇ ಅಲ್ಲವೇ.

ಫೆಬ್ರವರಿ 17

ನಮ್ಮೂರು ಹುಕ್ಕೇರಿಗೆ ಹೋಗಲಾಗಲಿಲ್ಲ. ಅವ್ವ ಫೋನಿನಲ್ಲಿ ಮುನಿಸಿಕೊಂಡಳು. ಪರೀಕ್ಷೆ ಹತ್ತಿರ ಬಂತು, ಏನು ಮಾಡಲಿ.

ಸಂಜೆ ಯಲ್ಲೇಶನ ಫೋನ್. ಹಿಂದೆ ಕುರಿಗಳ ಗದ್ದಲ. ಕಲ್ಲೋಳಿ ಹತ್ತಿರ ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಕೂಡಿಸಿದ್ದಾರಂತೆ.

“ಸಿಸ್ಟರ್ರ, ಮೂಡಲಗಿ ಡಾಕ್ಟರ್ ಗುಳಿಗಿ ಬದಲ್ ಮಾಡ್ಯಾರ್ರಿ. ಬ್ಯಾರೆ ನೀರಿನ ಗುಳಿಗಿ, ಜೋಡಿ ಒಂದ ಬಿ.ಪಿ. ಗುಳಿಗಿ. ಆದ್ರ ಅವ್ವಗ ಮತ್ತ ಕೈಕಾಲು ಸೋಲಾಕತ್ತಾವ್ರಿ. ಎದ್ದ ನಿಂದ್ರಾಕ ಆಗವಲ್ದು.”

ಮೊದಲಿನ ಹಾಗೆಯೇ. ಎರಡನೇ ಸಲ ಯೋಚಿಸಲಿಲ್ಲ. “ಪೊಟ್ಯಾಸಿಯಮ್ ಮತ್ತ ಕಡಿಮಿ ಆಗಿರಬೇಕ್ರಿ. ಎಳನೀರು ಎರಡ ಮಾಡ್ರಿ. ಆ ಸಿರಪ್ ಉಳದೈತೇನು?”

“ಐತ್ರಿ.”

“ಅದನ್ನೂ ಕೊಡ್ರಿ. ರಕ್ತ ತಪಾಸಣಿ ಮಾಡಿಸೀರೇನು?”

“ಒಂದ ವಾರಕ್ಕ ಮಾಡಸ್ರಿ ಅಂದಿದ್ರು. ಕುರಿ ಬಿಟ್ಟ ಬರಾಕ ಆಗವಲ್ದ್ರಿ. ಮುಂದಿನ ವಾರ ಮಾಡಸ್ತೇವಿ. ಅಪ್ಪಗ ಎಲ್ಲಾ ಹೇಳಿ ಕಳಸ್ತೇನ್ರಿ. ಉಪಕಾರ ಆತ್ರಿ ಸಿಸ್ಟರ್ರ.”

ಫೋನ್ ಇಟ್ಟ ಮೇಲೆ ರೂಮಿನವಳು ಕೇಳಿದಳು, ಯಾರು ಅಂತ. ನನ್ನ ಪೇಶಂಟ್ ಎಂದೆ.

ಫೆಬ್ರವರಿ 19, ಬುಧವಾರ, ಕ್ಲಾಸಿನಲ್ಲಿ

ನೋಟ್ಸ್ ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಸುಮನ್ ಮೇಡಂ ಈಗಷ್ಟೇ ಹೇಳಿದ್ದು. ನೀರಿನ ಗುಳಿಗೆಗಳೆಲ್ಲ ಒಂದೇ ಅಲ್ಲ. ಲ್ಯಾಸಿಕ್ಸ್‌ನಂಥವು ಪೊಟ್ಯಾಸಿಯಮ್ ಹೊರಗೆ ಹಾಕುತ್ತವೆ. ಸ್ಪೈರೊನೊಲ್ಯಾಕ್ಟೋನ್‌ನಂಥವು ನೀರನ್ನು ಹೊರಗೆ ಬಿಟ್ಟು ಪೊಟ್ಯಾಸಿಯಮ್ ಒಳಗೇ ಹಿಡಿದಿಡುತ್ತವೆ. ಲ್ಯಾಸಿಕ್ಸಿನಿಂದ ಪೊಟ್ಯಾಸಿಯಮ್ ಇಳಿದವರಿಗೆ ಎಷ್ಟೋ ಸಲ ಇದನ್ನು ಕೊಡುವುದೇ ಅದಕ್ಕೆ. ಕೆಲವು ಬಿ.ಪಿ. ಗುಳಿಗೆ ಜೊತೆಗಿದ್ದರೆ, ಕಿಡ್ನಿ ಸೋತಿದ್ದರೆ, ಇನ್ನೂ ಏರುತ್ತದೆ.

“ಕಡಿಮಿ ಆದ್ರೂ ಕೈಕಾಲು ಸೋಲ್ತಾವ, ಹೆಚ್ಚಾದ್ರೂ ಸೋಲ್ತಾವ,” ಎಂದರು. “ಪೇಶಂಟ್ ಮಾರಿ ನೋಡಿ ಹೇಳಾಕ ಬರೂದಿಲ್ಲ. ರಕ್ತ ನೋಡ್ಬೇಕು.”

ಮುಂದಿನ ಬೆಂಚಿನವಳು ಕೇಳಿದಳು, ಭಾಳ ಹೆಚ್ಚಾದ್ರ?

“ಹೃದಯ ನಿಲ್ಲತೈತಿ.”

ಯಲ್ಲೇಶ ಗುಳಿಗೆಯ ಹೆಸರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಬೇರೆ ಯಾವುದೋ ಇರಬಹುದು. ಇರಲಿ ದೇವರೇ... ಫೋನ್ ಮಾಡಲು ಹೊರಗೆ ಹೋಗುತ್ತೇನೆ.

ಅದೇ ದಿನ, ಬಸ್ಸಿನಲ್ಲಿ

ಯಲ್ಲೇಶನ ಫೋನ್ ಸ್ವಿಚ್ ಆಫ್. ಎಷ್ಟು ಸಲ ಹಚ್ಚಿದರೂ ಸ್ವಿಚ್ ಆಫ್. ಚಾರ್ಜ್ ಮುಗಿದಿರಬೇಕು, ಹೊಲದಲ್ಲಿ ಎಲ್ಲಿಂದ ತರುತ್ತಾನೆ. ಅಜ್ಜನ ಹತ್ತಿರ ಫೋನೇ ಇಲ್ಲ.

ಸ್ಟಾಫ್ ರೂಮಿಗೆ ಹೋಗಿ ಮೇಡಂಗೆ ಎಲ್ಲ ಹೇಳಿದೆ. ಎಳನೀರು, ಸಿರಪ್, ಎಲ್ಲ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಅದಕ್ಕೇ ಇನ್ನೂ ಭಯವಾಯಿತು.

“ಮನಿ ಗೊತ್ತೈತಿ?”

“ಊರ ಗೊತ್ತೈತ್ರಿ. ಕೇಳ್ಕೊಂತ ಹೋಗ್ತೀನಿ.”

“ಹೋಗು. ಮೊದಲ ನಾಡಿ ನೋಡು, ಗುಳಿಗಿ ಫೋಟೋ ಕಳಸು. ನಾ ಡಾಕ್ಟರ್ ಬಾಜೂಕ ನಿಂತಿರ್ತೀನಿ.”

“ಮೇಡಂ, ನನ್ನಿಂದ...”

“ಅಳೂದಿದ್ರ ಬಸ್ಸಿನ್ಯಾಗ ಅಳು. ನಡಿ.”

ಅಳು ಬರುತ್ತಿಲ್ಲ. ಮುಂದೆ ಕಬ್ಬಿನ ಟ್ರ್ಯಾಕ್ಟರ್, ಎರಡೆರಡು ಟ್ರೇಲರ್ ಕಟ್ಟಿಕೊಂಡು ತೆವಳುತ್ತಿದೆ. ಡ್ರೈವರ್ ಹಾರ್ನ್ ಹೊಡೆಯುತ್ತಾನೆ, ಟ್ರ್ಯಾಕ್ಟರಿನವನು ಹಾಡು ಜೋರಾಗಿ ಹಾಕಿಕೊಂಡಿದ್ದಾನೆ. ಇಳಿದು ಓಡಿದರೆ ಬೇಗ ಮುಟ್ಟುತ್ತೇನೇನೋ. ಬೆಳಗಿನ ಎಳನೀರು ಕೊಟ್ಟಿರುತ್ತಾರೆ. ಎರಡನೆಯದು ಯಾವಾಗ ಕೊಡುತ್ತಾರೆ?

ಫೆಬ್ರವರಿ 20

ನಿನ್ನೆ ಬಸ್ ಇಳಿದ ಮೇಲೆ ಬರೆಯಲು ಆಗಲಿಲ್ಲ. ಒಂದೊಂದಾಗಿ ಬರೆಯುತ್ತೇನೆ.

ಮನೆ ಸಿಕ್ಕಿತು. ಆಯಿ ಪಡಸಾಲೆಯಲ್ಲಿ ಕಂಬಳಿ ಮೇಲೆ ಮಲಗಿದ್ದಳು. ಖಂಡೆಪ್ಪ ಅಜ್ಜ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎಳನೀರಿನ ಲೋಟ ಬಾಯಿಗೆ ಹಿಡಿದಿದ್ದರು. “ಬ್ಯಾಡ್ರಿ!” ಎಂದು ಬಾಗಿಲಿನಿಂದಲೇ ಚೀರಿದೆ. ಲೋಟ ಕಸಿದುಕೊಂಡೆ. ನೀರು ಅವರ ಧೋತರದ ಮೇಲೆ ಚೆಲ್ಲಿತು.

ನಾಡಿ ಹಿಡಿದೆ. ನಿಧಾನ. ಬಡಿದು, ನಿಂತು, ಮತ್ತೆ ಬಡಿಯುತ್ತಿತ್ತು. ಆ ನಿಂತ ಹೊತ್ತಿನಲ್ಲಿ ನನ್ನದೂ ನಿಲ್ಲುತ್ತಿತ್ತು. ಗುಳಿಗೆ ತೋರಿಸಿ ಎಂದೆ. ಅಜ್ಜ ಕೂತಲ್ಲಿಂದಲೇ ಕೈ ಚಾಚಿ ಗೋಡೆಯ ಮಾಡದಿಂದ ಗುಳಿಗೆ ಪಟ್ಟಿ ತೆಗೆದುಕೊಟ್ಟರು — ಸ್ಪೈರೊನೊಲ್ಯಾಕ್ಟೋನ್. ಫೋಟೋ ಕಳಿಸಿದ ಕೂಡಲೇ ಮೇಡಂ ಫೋನ್ ಮಾಡಿದರು. ನಾಡಿ ಹೇಳಿದೆ. “108 ಕರಿ. ಈಗಿಂದೀಗ.”

ಕರೆದೆ. ಗಾಡಿ ಬಂದರೂ ಅಜ್ಜ ಏಳಲಿಲ್ಲ. ಹೆಂಡತಿಯ ತಲೆ ಇನ್ನೂ ಅವರ ತೊಡೆಯ ಮೇಲಿತ್ತು. “ದಿನಾ ಒಂದ ಕೊಡ್ರಿ ಅಂದಿ, ಕೊಟ್ಟೆ. ಎರಡ ಮಾಡ್ರಿ ಅಂದಿ, ಎರಡ ಮಾಡಿದೆ. ಇವತ್ತ ಕಸಗೊಂಡ ಚೆಲ್ಲಾಕತ್ತಿ. ನಾಳೆ ಏನ ಅಂತಿ? ಎಲ್ಲಿಗೂ ಕಳಸೂದಿಲ್ಲ ನಾ.”

ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು. ಎಲ್ಲರ ಕಣ್ಣು ನನ್ನ ಯೂನಿಫಾರಮ್ಮಿನ ಮೇಲೆ.

“ಕೊಡ್ರಿ ಅಂದಾಕಿ ನಾನ ಅಜ್ಜಾರ,” ಎಂದೆ. “ಗುಳಿಗಿ ಹೆಸರ ಕೇಳದ ಹೇಳಿದೆ. ನಂದ ತಪ್ಪು, ನಿಮ್ಮದಲ್ಲ. ಆಯಿ ಎದಿ ನಿಂತ ನಿಂತ ಬಡೀತೈತಿ. ಇಲ್ಲೇ ಇಟ್ಕೊಂಡ್ರ ಉಳಿಯೂದಿಲ್ಲ. ಆಮ್ಯಾಲೆ ನನಗ ಏನ ಬೇಕಾದ್ದ ಅನ್ರಿ. ಈಗ ಎತ್ತಾಕ ಕೈ ಹಚ್ಚರಿ.”

ಅಜ್ಜ ನನ್ನ ಮುಖ ನೋಡಿದರು. ಆಮೇಲೆ ಆಯಿಯ ಭುಜದ ಕೆಳಗೆ ಕೈ ಹಾಕಿದರು.

ಆಂಬುಲೆನ್ಸಿನಲ್ಲಿ ಗೋಕಾಕ ಮುಟ್ಟುವ ತನಕ ಆಯಿಯ ಮಣಿಕಟ್ಟು ಬಿಡಲಿಲ್ಲ. ಮೇಡಂ ಗೇಟಿನಲ್ಲೇ ನಿಂತಿದ್ದರು.

ಪೊಟ್ಯಾಸಿಯಮ್ 7.2; ಐದು ದಾಟಬಾರದು. ಇ.ಸಿ.ಜಿ.ಯಲ್ಲಿ ಗುಡಾರದ ತುದಿಯಂಥ ಚೂಪಾದ ಅಲೆಗಳು. ಪುಸ್ತಕದಲ್ಲಿ ನೋಡಿದ ಚಿತ್ರವೇ, ಆದರೆ ಇದರ ಮೇಲೆ ಲಗಮವ್ವ ಎಂದು ಬರೆದಿತ್ತು. ಮೊದಲು ಕ್ಯಾಲ್ಸಿಯಂ, ಹೃದಯ ಕಾಯಲು. ನಿಧಾನವಾಗಿ, ಮಾನಿಟರ್ ನೋಡುತ್ತ. ಆಮೇಲೆ ಡಾಕ್ಟರ್ ಇನ್ಸುಲಿನ್ ತರಲು ಹೇಳಿದರು. ಅಜ್ಜ ಬಾಗಿಲಿನಿಂದ ಒಳಗೆ ನುಗ್ಗಿದರು.

“ಆಕಿಗೆ ಸಕ್ರಿ ರೋಗ ಇಲ್ಲ! ಅದ್ಯಾಕ ಮತ್ತ?”

ಮೇಡಂ ನನ್ನ ಕಡೆ ನೋಡಿದರು. ಹೇಳು, ಅಂತ.

“ಪೊಟ್ಯಾಸಿಯಮ್ ರಕ್ತದಾಗ ಭಾಳ ಆಗೇತ್ರಿ ಅಜ್ಜಾರ. ಇನ್ಸುಲಿನ್ ಅದನ್ನ ರಕ್ತದಾಗಿಂದ ಜೀವಕೋಶದೊಳಗ ದೂಡತೈತಿ. ಸಕ್ರಿ ಇಳೀಬಾರ್ದಂತ ಗ್ಲೂಕೋಸ್ ಸೈತ ಕೊಡ್ತಾರ.”

ಕೇಳಿಸಿಕೊಂಡರು. ಆಮೇಲೆ ಡಾಕ್ಟರ್ ಕಡೆ ತಿರುಗಿದರು. “ಖರೆ ಏನ್ರಿ ಇದು?”

“ಖರೆ ಅಜ್ಜಾ.”

ಕೇಳಿದ್ದು ಸರಿ. ಆದರೂ ಒಳಗೆ ಎಲ್ಲೋ ಚುಚ್ಚಿತು.

ಕೊನೆಗೆ ಲ್ಯಾಸಿಕ್ಸ್ ಇಂಜೆಕ್ಷನ್. ಮೊನ್ನೆ ಪೊಟ್ಯಾಸಿಯಮ್ ಕಳೆಯಿತೆಂದು ಬೈಸಿಕೊಂಡ ಔಷಧಿ, ನಿನ್ನೆ ಅದನ್ನೇ ಕಳೆಯಲಿ ಎಂದು ಕೊಟ್ಟೆವು. ಮೂತ್ರ ಬರುತ್ತದೆಯೇ ಎಂದು ಎಲ್ಲರೂ ಆ ಚೀಲವನ್ನೇ ನೋಡುತ್ತ ನಿಂತೆವು. ಬಂತು. ಮೇಡಂ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಅವರಿಗೂ ಹೆದರಿಕೆ ಇತ್ತು ಎಂದು ಆಗ ಗೊತ್ತಾಯಿತು.

ಫೆಬ್ರವರಿ 21

ಪೊಟ್ಯಾಸಿಯಮ್ 5.6. ಅಲೆ ಇಳಿದಿದೆ. ಆಯಿ ನೀರು ಕೇಳಿದಳಂತೆ.

ನನ್ನನ್ನು ವಾರ್ಡಿನಿಂದ ತೆಗೆದಿದ್ದಾರೆ, ತಿಂಗಳ ಕೊನೆಯವರೆಗೆ. ಪ್ರಿನ್ಸಿಪಾಲರ ಮುಂದೆ ನಿಂತು ನಡೆದದ್ದೆಲ್ಲ ಹೇಳಿದೆ. ಮೇಡಂ ಪಕ್ಕದಲ್ಲಿದ್ದರು. ನನ್ನ ಪರ ಒಂದು ಮಾತೂ ಆಡಲಿಲ್ಲ, ಸುಳ್ಳನ್ನೂ ಸೇರಿಸಲಿಲ್ಲ. ಹೊರಗೆ ಬಂದ ಮೇಲೆ, “ಉಂಡೀ ಏನು?” ಎಂದು ಮಾತ್ರ ಕೇಳಿದರು.

ಫೆಬ್ರವರಿ 24

ಭೇಟಿಯ ಹೊತ್ತಿನಲ್ಲಿ ಹೋದೆ, ಯೂನಿಫಾರ್ಮ್ ಇಲ್ಲದೆ. 4.8. ಆಯಿ ಕೂತಿದ್ದಳು. ಖಂಡೆಪ್ಪ ಅಜ್ಜ ನನ್ನನ್ನು ನೋಡಿದವರೇ ಎದ್ದು ಹೊರಗೆ ಹೋದರು. ನಾನು ಬೆಡ್ಡಿನ ತುದಿಯಲ್ಲೇ ನಿಂತೆ.

“ಯಾಕ ಯವ್ವಾ, ದೂರ ನಿಂತಿ? ಬಾ ಇಲ್ಲೆ.”

“ಅಜ್ಜಾರ ಸಿಟ್ಟಿನ್ಯಾಗ ಅದಾರ.”

“ಇರ್ಲಿ ಬಿಡು. ನಾ ಉಳದೇನಿ ಅಂತ ಸಿಟ್ಟ ಮಾಡಾಕತ್ತಾರ. ಹೋಗಿದ್ರ ಸಿಟ್ಟ ಮಾಡಾಕರೆ ತ್ರಾಣ ಎಲ್ಲಿರ್ತಿತ್ತು ಅವರಿಗೆ?”

ಕೈ ಹಿಡಿದುಕೊಂಡಳು. ಹಿಡಿತ ಗಟ್ಟಿ ಇತ್ತು. ಬಸ್ಸಿನಲ್ಲಿ ಬಾರದ ಅಳು ಅಲ್ಲಿ ಬಂತು. ಪಕ್ಕದ ಪೇಶಂಟ್‌ಗಳೆಲ್ಲ ನೋಡಿದರು. ನೋಡಲಿ.

ಮಾರ್ಚ್ 5, ಬುಧವಾರ

ಮೂರು ದಿನವಾಯಿತು ಮತ್ತೆ ವಾರ್ಡಿಗೆ ಬಂದು. ಯಾರಾದರೂ “ಏನ ತಿನ್ನಬೇಕ್ರಿ?” ಎಂದರೆ ಎದೆ ಧಸಕ್ ಎನ್ನುತ್ತದೆ. ಆಯಿ ಊರಿಗೆ ಹೋಗಿದ್ದಾಳೆ. ಗುಳಿಗೆ ಮತ್ತೆ ಬದಲಾಗಿವೆ.

ಒಪಿಡಿ ಬಾಗಿಲಲ್ಲಿ ನಿಂತು ಇದನ್ನು ಬರೆಯುತ್ತಿದ್ದೇನೆ. ಈಗ ಯಲ್ಲೇಶನ ನಂಬರಿನಿಂದ ಫೋನ್ ಬಂತು. ಎತ್ತಲು ಭಯ. ಎತ್ತಿದೆ. ಯಲ್ಲೇಶನಲ್ಲ. ಖಂಡೆಪ್ಪ ಅಜ್ಜ. ಆ ದಿನದ ನಂತರ ನನ್ನ ಜೊತೆ ಒಂದು ಮಾತೂ ಆಡದವರು.

“ಮುಂಜಾನಿಂದ ಆಕಿಗೆ ಹೊಟ್ಟಿ ನಡದೈತಿ. ನೀರ ನೀರ ಆಗಾಕತ್ತೈತಿ. ಇವತ್ತಿನ ಗುಳಿಗಿ ಇನ್ನೂ ಕೊಟ್ಟಿಲ್ಲ. ಕೊಡ್ಲ್ಯೋ ಬ್ಯಾಡೋ?”

ಬೇಡ ಅನ್ನಲು ನಾಲಿಗೆಯ ತುದಿಗೆ ಬಂತು. ಬಹುಶಃ ಅದೇ ಸರಿ. ಬಹುಶಃ. ಮೈಯ ನೀರು ಹೋದರೆ ಕಿಡ್ನಿ ಮತ್ತೆ ಸೋಲುತ್ತದೆ, ಪೊಟ್ಯಾಸಿಯಮ್ ಯಾವ ಕಡೆಗಾದರೂ ಹೋಗಬಹುದು...

“ನನಗ ಗೊತ್ತಿಲ್ರಿ ಅಜ್ಜಾರ. ಡಾಕ್ಟರ್‌ಗೆ ಕೇಳಿ ಹೇಳ್ತೀನಿ.”

ಇಟ್ಟುಬಿಡುತ್ತಾರೆ ಅಂದುಕೊಂಡೆ.

“ಕೇಳು,” ಎಂದರು. “ನಾ ಹಿಡಕೊಂಡಿರ್ತೀನಿ.”

ಒಳಗೆ ಯಾರೋ ಪೇಶಂಟ್ ಇದ್ದಾರೆ. ಬಾಗಿಲು ಬಡಿದೆ, ಅರ್ಜೆಂಟ್ ಎಂದೆ. ಫೋನ್ ಕಿವಿಗೇ ಇದೆ. ಅಜ್ಜನ ಉಸಿರು ಕೇಳಿಸುತ್ತಿದೆ, ಹಿಂದೆ ಆಯಿ ನರಳುವುದೂ. ಚಿಲಕ ತೆಗೆದರು. ಡಾಕ್ಟರ್. ಅಜ್ಜಾರ ಅದೀರೇನ್ರಿ ಎಂದೆ.

“ಅದೇನಿ, ಅದೇನಿ, ಹೇಳು.” ಸ್ಪೀಕರ್ ಹಾಕಿ ಫೋನನ್ನು ಡಾಕ್ಟರ್ ಮುಂದೆ ಹಿಡಿದೆ.