ಮೆಟ್ಟಿಲಿಲ್ಲದ ಮನೆ

ಬುಧವಾರ, ಬೆಳಿಗ್ಗೆ
ಟೀಚರಮ್ಮನ ಮನೆ, ಮೂರನೇ ಮಹಡಿ

ಪ್ರೀತಿಯ ಅಕ್ಕನಿಗೆ ನಿನ್ನ ಮೂಗಿಯ ನಮಸ್ಕಾರ.

ನಿನ್ನ ಕಾಗದ ಸೋಮವಾರವೇ ಕೈಸೇರಿತು. ಎರಡು ದಿನ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ. ಓದಲು ಬರಲಿಲ್ಲ ಅಂತಲ್ಲ, ಐದನೇ ಕ್ಲಾಸಿನವರೆಗೆ ಕಲಿತದ್ದು ಕಾಗದ ಓದಲು ಸಾಕು. ಉತ್ತರ ಬರೆಯಲು ಧೈರ್ಯ ಸಾಲಲಿಲ್ಲ. ನಾಲ್ಕು ಜನರ ಮುಂದೆ ನನ್ನ ಬಾಯಿ ಕಟ್ಟುತ್ತದೆ ಎಂದೇ ನೀನು ಚಿಕ್ಕಂದಿನಲ್ಲಿ ನನಗೆ ಮೂಗಿ ಅಂತ ಹೆಸರಿಟ್ಟೆ. ಬರೆಯುವಾಗ ಎದುರಿಗೆ ಯಾರ ಮುಖವೂ ಇರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಪರವಾಗಿಲ್ಲ. ಕುತ್ತಿಗೆಯ ಊತ ಇಳಿದಿದೆ, ನೀರು ನುಂಗಿದರೆ ನೋಯುವುದಿಲ್ಲ. ಬೆರಳಿನ ಗುರುತುಗಳು ಹಸಿರಿಗೆ ತಿರುಗಿವೆ. ಟೀಚರಮ್ಮ ತಮ್ಮ ನಡುಮನೆಯ ಮೂಲೆಯಲ್ಲಿ ಮಲಗಲು ಜಾಗ ಕೊಟ್ಟಿದ್ದಾರೆ. ಲಿಫ್ಟ್ ಕೆಟ್ಟು ನಿಂತಿದೆ, ರಿಪೇರಿ ಮಾಡುವ ನನ್ನ ಗಂಡನೇ ಆಸ್ಪತ್ರೆಯಲ್ಲಿ ಮಲಗಿದ್ದಾನಲ್ಲ. ಹಾಗಾಗಿ ಇಸ್ತ್ರಿ ಬಟ್ಟೆಯ ಗಂಟು ಹೊತ್ತುಕೊಂಡು ದಿನಾ ನಲವತ್ತೆರಡು ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಒಂದು ಸಲವೂ ಬಿದ್ದಿಲ್ಲ ಅಕ್ಕಾ. ಇದನ್ನು ನೆನಪಿಟ್ಟುಕೋ.

ನೀನು ಬರೆದದ್ದು ನನಗೆ ಅರ್ಥವಾದಷ್ಟು ಇದು. ಫೋನಿನಲ್ಲಿರುವ ಒಬ್ಬರ ಆರೋಗ್ಯದ ದಾಖಲೆಯಲ್ಲಿ ಗಂಡ ಹೆಂಡತಿ ಇಬ್ಬರ ದೇಹ ಸೇರಿಕೊಂಡಿದೆ ಅಂತ ಆಸ್ಪತ್ರೆಯ ಡಾಕ್ಟರಮ್ಮ ನಿಮ್ಮ ಕಂಪನಿಗೆ ದೂರು ಕೊಟ್ಟಿದ್ದಾರೆ. ಸೇರಿಸಿದವಳು ನೀನು. ಆ ದಾಖಲೆ ಅಳಿಸಿ ಇಬ್ಬರಿಗೂ ಬೇರೆ ಬೇರೆ ಹೊಸದು ಮಾಡಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ, ಇಲ್ಲದಿದ್ದರೆ ನಿನ್ನ ಕೆಲಸ ಹೋಗುತ್ತದೆ. ಅಳಿಸಲು ಅವನ ಬಲಗೈ ಹೆಬ್ಬೆರಳು ಬೇಕು, ಅದು ಸುಟ್ಟುಹೋಗಿದೆ. ಬದಲಿಗೆ ಎಡಗೈಯದನ್ನು ಸೇರಿಸಲು ಕಂಪನಿ ತಯಾರಿದೆ, ಅದಕ್ಕೆ ಮನೆಯವಳಾದ ನಾನು ಬೆರಳೊತ್ತಿ ಒಪ್ಪಬೇಕು. "ಒಂದೇ ಒಂದ್ಸಲ ಒತ್ತೇ ಮೂಗಿ, ನಿನ್ನ ಗಂಟೇನು ಹೋಗುತ್ತೆ" ಅಂತ ಕೇಳಿದ್ದೀಯ.

ಏನು ಹೋಗುತ್ತದೆ ಅಂತ ಹೇಳುತ್ತೇನೆ.

ಎರಡು ವರ್ಷದ ಹಿಂದೆ ನೀನು ಹೆಗಲಿಗೆ ಕಂಪನಿಯ ಚೀಲ ಹಾಕಿಕೊಂಡು ನಮ್ಮ ಮನೆಗೆ ಬಂದೆ. "ನಿಮ್ಮ ಆರೋಗ್ಯ ನಿಮ್ಮ ಬೆರಳ ತುದಿಯಲ್ಲಿ" ಅಂತ ಅದರ ಮೇಲೆ ಬರೆದಿತ್ತು. ದಿನಕ್ಕೆ ನಲವತ್ತು ಜನರನ್ನು ಸೇರಿಸಬೇಕಿತ್ತು, ನಿನಗೆ ಒಬ್ಬರು ಕಡಿಮೆ ಬಿದ್ದಿದ್ದರು. ಒಂದು ಫೋನಿಗೆ ಒಂದೇ ದಾಖಲೆ ಅಂತ ನಿಯಮ. ನಮ್ಮ ಮನೆಯಲ್ಲಿ ಇದ್ದದ್ದು ಅವನ ಫೋನು ಒಂದೇ. ನೀನು ಅವನ ಹೆಸರು, ಅವನ ಹೆಬ್ಬೆರಳು ಹಾಕಿದೆ. ಅವನ ಚೀಟಿಗಳು ಸಿಗಲಿಲ್ಲ ಅಂತ ನನ್ನ ರಕ್ತ ಪರೀಕ್ಷೆಯ ಚೀಟಿ ನೋಡಿ ತುಂಬಿದೆ. ದೇಹಕ್ಕೆ ಆಗದ ಔಷಧಿ ಯಾವುದಾದರೂ ಇದೆಯಾ ಅಂತ ಕೇಳಿದೆ, ನಾನು ನನ್ನದನ್ನೇ ಕೇಳುತ್ತಿದ್ದೀಯ ಅಂದುಕೊಂಡು ಇಲ್ಲ ಅಂದೆ, ಅವನು ಕೇಳಿಸಿಕೊಳ್ಳಲಿಲ್ಲ. "ಗಂಡ ಹೆಂಡ್ತಿ ಅಂದ್ರೆ ದೇಹ ಎರಡು, ಜೀವ ಒಂದು ಅಂತಾರೆ. ಕಂಪನಿಯವರ ಲೆಕ್ಕಕ್ಕೆ ದೇಹಾನೂ ಒಂದೇ ಇರ್ಲಿ ಬಿಡ್ರಿ" ಅಂತ ನೀನು ನಗಿಸಿದೆ. ಅವನೂ ನಕ್ಕ. ಆ ದಿನ ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ. ಹೋಗುವಾಗ ಬಾಗಿಲಲ್ಲಿ ನಿಂತು, ನೋಡಲು ಮನೆಯವಳ ಬೆರಳೂ ಸಾಕು, ಅಳಿಸಲು ಮಾತ್ರ ಯಜಮಾನನ ಹೆಬ್ಬೆರಳೇ ಬೇಕು, ಅದೇ ಬೀಗದ ಕೈ ಅಂತ ನೀನೇ ಕಲಿಸಿದೆ.

ಅದಾದ ತಿಂಗಳಿಗೆ ಇಸ್ತ್ರಿಗೆ ಬಂದಿದ್ದ ಯಾರದೋ ಅಂಗಿಯ ಕಾಲರು ಸ್ವಲ್ಪ ಸೀದುಹೋಯಿತು. ಬೈಯಲೂ ಇಲ್ಲ ಅವನು. ನನ್ನ ಎಡಗೈ ಹಿಡಿದು, ಬೋಲ್ಟು ತಿರುಗಿಸುವ ಹಾಗೆ ತಿರುಗಿಸಿದ. ಒಣ ಪುಳ್ಳೆ ಮುರಿದಂತೆ ಸದ್ದಾಯಿತು. ಮೂಳೆ ಡಾಕ್ಟರ ಹತ್ತಿರ ಅವನೇ ಕರೆದುಕೊಂಡು ಹೋಗಿ, ಅವನೇ ಫೋನು ತೋರಿಸಿದ. ಎಕ್ಸರೇ ಅದರೊಳಗೆ ಹೋಯಿತು. ಹೇಗಾಯಿತು ಅನ್ನುವ ಜಾಗದಲ್ಲಿ "ಮೆಟ್ಟಿಲಿಂದ ಬಿದ್ದದ್ದು" ಅಂತ ತಾನೇ ಒತ್ತಿದ. ಆಮೇಲೆ ದೊಡ್ಡ ಸ್ಪ್ಯಾನರಿನಿಂದ ಹೊಡೆದು ಮೂರು ಪಕ್ಕೆಲುಬು ಮುರಿದ. ಆಮೇಲೆ ಕಪಾಳಕ್ಕೆ ಹೊಡೆದದ್ದಕ್ಕೆ ಕಿವಿಯ ಪೊರೆ ಹರಿಯಿತು. ಅದೇ ಕೈ ಇನ್ನೊಂದು ಸಲ ಮುರಿಯಿತು. ಪ್ರತಿ ಸಲ ಬೇರೆ ಆಸ್ಪತ್ರೆ, ಪ್ರತಿ ಸಲ ಅದೇ ಮೆಟ್ಟಿಲು.

ನಮ್ಮದು ಇದೇ ಕಟ್ಟಡದಲ್ಲಿ ಲಿಫ್ಟಿನ ಪಕ್ಕದ ನೆಲಮಹಡಿಯ ಒಂದು ಕೋಣೆ. ಹೊಸಿಲು ಬಿಟ್ಟರೆ ಆ ಮನೆಯಲ್ಲಿ ಹತ್ತಲು ಇಳಿಯಲು ಏನೂ ಇಲ್ಲ. ನೀನು ಎಷ್ಟು ಸಲ ಬಂದಿದ್ದೀಯ. ಕೈಗೆ ಹಾಕಿದ್ದ ಕಟ್ಟು ನೋಡಿ ಕೇಳಿದೆ, ಬಿದ್ದೆ ಕಣಕ್ಕಾ ಅಂದೆ. "ನೋಡ್ಕೊಂಡು ಇಳೀಬಾರ್ದೇನೇ" ಅಂತ ಬೈದೆ. ಎಲ್ಲಿಂದ ಇಳಿಯಲಿ ಅಂತ ನಾನೂ ಕೇಳಲಿಲ್ಲ, ನೀನೂ ಕೇಳಲಿಲ್ಲ. ಇದನ್ನು ಬರೆಯುವಾಗ ಸಿಟ್ಟು ಬರುತ್ತಿಲ್ಲ, ನಾಚಿಕೆಯಾಗುತ್ತಿದೆ. ಯಾರ ನಾಚಿಕೆ ಅಂತ ನನಗೇ ಗೊತ್ತಿಲ್ಲ.

ಹೋದ ತಿಂಗಳು ಅವನು ಸ್ನಾನಕ್ಕೆ ಹೋದಾಗ ಫೋನು ಇಸ್ತ್ರಿ ಮೇಜಿನ ಮೇಲಿತ್ತು. ನನ್ನ ಬೆರಳೊತ್ತಿ ತೆರೆದೆ. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ನನ್ನ ಕೈ, ನನ್ನ ಪಕ್ಕೆ, ನನ್ನ ಕಿವಿ, ಎಲ್ಲವೂ ಇತ್ತು. ಮೇಲೆ ಅವನ ಹೆಸರಿತ್ತು. ಮುರಿದವನೂ ಅವನೇ, ಮುರಿದ ಮೂಳೆಗೆ ಯಜಮಾನನೂ ಅವನೇ.

ಹಾಗಾಗಿ, ಅವನು ಆಸ್ಪತ್ರೆ ಸೇರಿದ ಆ ಭಾನುವಾರ ಬೆಳಿಗ್ಗೆ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಾ, ತಲೆ ಎತ್ತದೆ, ನನ್ನದನ್ನು ನನ್ನ ಹೆಸರಿಗೆ ಬೇರೆ ಮಾಡಿಸಿಕೊಡಿ ಅಂತ ಕೇಳಿದೆ. "ಓಹೋ, ಮೂಗಿಗೆ ನಾಲಿಗೆ ಬಂತು! ಯಾರಿಗೆ ತೋರ್ಸಬೇಕಾಗಿದೆ?" ಅಂದ. ನಾನು ಅಂಗಿ ಮಗುಚಿ ಇನ್ನೊಂದು ತೋಳಿಗೆ ಇಸ್ತ್ರಿ ಹಾಕಿದೆ. ಕೂದಲು ಹಿಡಿದು ಮುಖವನ್ನು ಮೇಜಿಗೆ ಎರಡು ಸಲ ಬಡಿದ. ಮೂಗಿನ ರಕ್ತ ಅಂಗಿಯ ಮೇಲೆ ಬಿತ್ತು. ಅಂಗಿ ಹಾಳು ಮಾಡಿದೆ ಅಂತ ಮೂರನೇ ಸಲ ಬಡಿದ. ಆಮೇಲೆ ಎಡಗೈಯಿಂದ ನನ್ನ ಕುತ್ತಿಗೆಯನ್ನು ಗೋಡೆಗೆ ಒತ್ತಿ ಹಿಡಿದು, ಬಲಗೈಯಲ್ಲಿ ಫೋನು ಎತ್ತಿಕೊಂಡ. "ನೋಡ್ತಾ ಇರು. ಈ ಹೆಬ್ಬೆಟ್ಟು ಒಂದ್ಸಲ ಒತ್ತಿದ್ರೆ ನಿನ್ನ ಒಂದು ಮೂಳೇನೂ ಯಾವತ್ತೂ ಮುರಿದೇ ಇಲ್ಲ" ಅಂದ.

ಕಣ್ಣಿಗೆ ಕತ್ತಲೆ ಕವಿಯಿತು. ಇದ್ದಬದ್ದ ಶಕ್ತಿಯನ್ನೆಲ್ಲ ಮೊಣಕಾಲಿಗೆ ತಂದು ಒದ್ದೆ. ಹಿಂದಕ್ಕೆ ಬಿದ್ದ. ತಲೆಯ ಹಿಂಭಾಗ ಮೇಜಿನ ಕಬ್ಬಿಣದ ಮೂಲೆಗೆ ಬಡಿಯಿತು, ತೆಂಗಿನಕಾಯಿ ಒಡೆದಂತೆ ಸದ್ದಾಯಿತು. ಮೇಜು ಅಲುಗಾಡಿ ಇಸ್ತ್ರಿ ಪೆಟ್ಟಿಗೆ ಜಾರಿ ಅವನ ಬಲಗೈ ಮೇಲೆ ಬಿತ್ತು. ಹೆಬ್ಬೆರಳು ಮೂಳೆಯವರೆಗೆ ಸುಟ್ಟಿತು. ನಾನು ಹೊರಗೆ ಬಂದು ಕೂಗಿದೆ. ನಾನು ಕೂಗಿದ್ದನ್ನು ಆ ಕಟ್ಟಡದ ಜನ ಮೊದಲ ಸಲ ಕೇಳಿದ್ದು. ಮಹಡಿಯಿಂದ ಟೀಚರಮ್ಮ ಇಳಿದು ಬಂದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಸರದಲ್ಲಿದ್ದರು. ಅವನಿಗೆ ಎಚ್ಚರವಿರಲಿಲ್ಲ. ದಾಖಲೆ ಇದೆಯಾ ಅಂತ ಕೇಳಿದರು. ನನ್ನ ಬೆರಳೊತ್ತಿ ತೆರೆದುಕೊಟ್ಟೆ. ಆಗದ ಔಷಧಿ ಯಾವುದೂ ಇಲ್ಲ ಅಂತ ಗಟ್ಟಿಯಾಗಿ ಓದಿ, ಪೆನಿಸಿಲಿನ್ ತನ್ನಿ ಅಂತ ನರ್ಸಮ್ಮನಿಗೆ ಹೇಳಿದರು.

ಅಕ್ಕಾ, ನಮ್ಮ ಅತ್ತೆ ಸಾಯುವ ಮುಂಚೆ ನನ್ನಿಂದ ಬಾಯಿಪಾಠ ಮಾಡಿಸಿದ್ದ ಹೆಸರು ಅದೊಂದೇ. "ಈ ಹೆಸರು ಮರೀಬೇಡ ಕಣಮ್ಮ, ನನ್ನ ಮಗನಿಗೆ ಇದೇ ಯಮ" ಅನ್ನುತ್ತಿದ್ದರು. ಐದು ವರ್ಷದವನಿದ್ದಾಗ ಅದೇ ಸೂಜಿಗೆ ಗಂಟಲು ಕಟ್ಟಿ, ಮುಖ ನೀಲಿಗಟ್ಟಿ, ಬದುಕಿದ್ದೇ ಹೆಚ್ಚು ಅಂತೆ.

ನರ್ಸಮ್ಮ ಸೂಜಿಗೆ ಔಷಧಿ ಎಳೆದುಕೊಂಡರು. ನಾನು ಬಾಯಿ ಬಿಡಬೇಕಾಗಿರಲಿಲ್ಲ. ಮೂಗಿ ಮೂಗಿಯಾಗಿಯೇ ಇದ್ದಿದ್ದರೆ ಸಾಕಿತ್ತು. ತಪ್ಪು ದಾಖಲೆಯದ್ದಾಗುತ್ತಿತ್ತು, ಕಂಪನಿಯದ್ದಾಗುತ್ತಿತ್ತು, ನಿನ್ನದಾಗುತ್ತಿತ್ತು. ಅವರು ಅವನ ತೋಳನ್ನು ಹತ್ತಿಯಿಂದ ಒರೆಸುವವರೆಗೂ ನಾನು ನೋಡುತ್ತಾ ನಿಂತಿದ್ದೆ. ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ, ಆಸೆಯಾಯಿತು.

ಆಮೇಲೆ ನರ್ಸಮ್ಮನ ಕೈ ಹಿಡಿದುಕೊಂಡೆ. "ಹಾಕ್ಬೇಡಿ, ಆ ಫೋನಲ್ಲಿರೋದು ಅವರಲ್ಲ, ನಾನು" ಅಂದೆ.

ಡಾಕ್ಟರಮ್ಮ ನನ್ನನ್ನು ನೋಡಿದರು, ಫೋನನ್ನು ನೋಡಿದರು, ಬೆರಳಿನಿಂದ ಕೆಳಕ್ಕೆ ಸರಿಸುತ್ತಾ ಹೋದರು. ನನ್ನ ಎಡಗೈ ತೆಗೆದುಕೊಂಡು ಮಣಿಕಟ್ಟನ್ನು ಮೆಲ್ಲಗೆ ಒತ್ತಿ, ಮೂಳೆ ಸೊಟ್ಟ ಕೂಡಿದ ಜಾಗವನ್ನು ಹುಡುಕಿಕೊಂಡರು. ನಿಮ್ಮ ಮನೆಗೆ ಎಷ್ಟು ಮೆಟ್ಟಿಲು ಅಂತ ಕೇಳಿದರು. ಒಂದೂ ಇಲ್ಲ ಅಂದೆ. ಅವರು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಅವನಿಗೆ ಬೇರೆ ಔಷಧಿ ಕೊಟ್ಟರು. ಪೊಲೀಸರನ್ನು ಕರೆಸಿದವರೂ ಅವರೇ.

ಈಗ ಅವನಿಗೆ ಎಚ್ಚರ ಬಂದಿದೆಯಂತೆ, ಎಡಗೈಯಲ್ಲಿ ಊಟ ಮಾಡುತ್ತಿದ್ದಾನಂತೆ. ನಿನ್ನ ಕಾಗದ ಯಾರು ಹೇಳಿ ಬರೆಸಿದ್ದು ಅಂತ ನಾನು ಕೇಳುವುದಿಲ್ಲ. "ನಿನ್ ಯಜಮಾನ್ರು ತುಂಬಾ ಇಳಿದುಹೋಗಿದ್ದಾರೆ" ಅಂತ ನೀನು ಬರೆದಿದ್ದೀಯ, ಅಂದರೆ ನೋಡಲು ಹೋಗಿದ್ದೆ. ಹೋಗಲಿ.

ಬರುವ ಮಂಗಳವಾರ ನ್ಯಾಯಾಧೀಶರ ಮುಂದೆ ಆ ದಾಖಲೆಯನ್ನು ತೆರೆಯುತ್ತಾರೆ. ಡಾಕ್ಟರಮ್ಮ ಕಾಗದದ ಮೇಲೆ ಇಳಿಸಿಕೊಂಡಿದ್ದಾರೆ, ಆದರೆ ಕಾಗದವನ್ನು ಯಾರು ಬೇಕಾದರೂ ಬರೆಯಬಹುದು, ಮೂಲ ದಾಖಲೆಯೇ ಬೇಕು ಅಂತ ಅವನ ವಕೀಲ ಹಟ ಹಿಡಿದಿದ್ದಾನಂತೆ. ಯಾವ ದಿನ ಯಾವ ಮೂಳೆ, ಯಾವ ಆಸ್ಪತ್ರೆ, ಅವನೇ ಒತ್ತಿದ ಮೆಟ್ಟಿಲು, ಎಲ್ಲ ಅದರಲ್ಲೇ ಇದೆ. ನಾನು ಒಪ್ಪಿದರೆ ಅವನ ಎಡ ಹೆಬ್ಬೆರಳು ಅದನ್ನು ಒರೆಸಿಹಾಕುತ್ತದೆ. ಆಮೇಲೆ ನನ್ನ ಹೆಸರಿಗೆ ಬೇರೆ ದಾಖಲೆ ಬರುತ್ತದೆ, ಹೊಸದು, ಚೊಕ್ಕಟವಾದದ್ದು. ಅದರಲ್ಲಿ ನನಗೆ ಯಾವತ್ತೂ ಏನೂ ಆಗಿರುವುದಿಲ್ಲ. ನೀನು ಕೇಳಿದ ನನ್ನ ಗಂಟು ಇದೇ ಅಕ್ಕಾ.

ಒತ್ತುವುದಿಲ್ಲ. ನೀನು ಬಂದು ಕಾಲು ಹಿಡಿದರೂ ಒತ್ತುವುದಿಲ್ಲ.

ನಿನ್ನ ಕೆಲಸ ಹೋದರೆ ಸಂಕಟವಾಗುತ್ತದೆ. ಟೀಚರಮ್ಮನ ನಡುಮನೆಯಲ್ಲಿ ಇನ್ನೊಂದು ಇಸ್ತ್ರಿ ಮೇಜಿಗೆ ಜಾಗವಿದೆ. ಆ ಚೀಲ ಹೊತ್ತು ಬೀದಿ ಬೀದಿ ಸುತ್ತುವ ಬದಲು ಇಲ್ಲಿಗೆ ಬಾ. ಹತ್ತುವಾಗ ಮೆಟ್ಟಿಲು ಎಣಿಸಿಕೊಂಡು ಬಾ.

ನಿನ್ನ ತಂಗಿ,
ಮೂಗಿ

ಮರೆತದ್ದು: ಇಸ್ತ್ರಿ ಪೆಟ್ಟಿಗೆ ಜಾರಿ ಬಿತ್ತು ಅಂತ ಮೇಲೆ ಬರೆದಿದ್ದೇನೆ. ಪೊಲೀಸರಿಗೂ ಹಾಗೇ ಹೇಳಿದೆ, ಅವರೂ "ಬಿದ್ದದ್ದು" ಅಂತ ಬರೆದುಕೊಂಡರು. ಜಾರಿದ ಪೆಟ್ಟಿಗೆ ಹೆಬ್ಬೆರಳೊಂದನ್ನೇ ಹುಡುಕಿಕೊಂಡು ಹೋಗುವುದಿಲ್ಲ ಅಕ್ಕಾ. ಅವನು ಬಿದ್ದಲ್ಲಿಂದಲೇ ಫೋನಿನ ಕಡೆಗೆ ಕೈ ಚಾಚಿದ್ದ. ಬಾಗಿಲು ತೆರೆದೇ ಇತ್ತು, ಓಡಬಹುದಿತ್ತು. ಬಿಗಿ ಕಾಲರಿಗೆ ಎಷ್ಟು ಹೊತ್ತು ಒತ್ತುತ್ತೇನೋ ಅಷ್ಟೇ ಹೊತ್ತು ಪೆಟ್ಟಿಗೆಯನ್ನು ಆ ಹೆಬ್ಬೆರಳಿನ ಮೇಲೆ ಒತ್ತಿ ಹಿಡಿದೆ. ಇದನ್ನು ನಿನಗೊಬ್ಬಳಿಗೇ ಹೇಳಿರುವುದು. ಈ ಕಾಗದವನ್ನು ಇಟ್ಟುಕೊಳ್ಳುವುದೋ ಸುಡುವುದೋ ನಿನಗೆ ಬಿಟ್ಟದ್ದು, ಇದಕ್ಕೆ ಯಾರ ಹೆಬ್ಬೆರಳೂ ಬೇಡ.